ಅಡ್ಡಡ್ಡ ನಡೆದ ಲಾರಿ

ನಮ್ಮ ಲಾರಿ ಅಡ್ಡಡ್ಡ ನಡೆಯುತ್ತಿದೆ ಎಂದು ಮೊದಲು ಹೇಳಿದವರು ಅದರ ಹಿಂದೆ ಗಾಡಿ ಹೊಡೆಯುವ ಡ್ರೈವರುಗಳು. ಕಮಲಾಪುರದ ಚಹಾದಂಗಡಿಯಲ್ಲಿ ಒಬ್ಬ ಅಪ್ಪನಿಗೆ, "ಕಾಕಾ, ನಿನ್ನ ಗಾಡಿ ಏಡಿ ಆಗ್ಯಾದೇನು? ಮಾರಿ ಕಲಬುರಗಿ ಕಡಿ, ಕುಂಡಿ ಹೊಲದ ಕಡಿ!" ಎಂದು ಎಲ್ಲರನ್ನೂ ನಗಿಸಿದ್ದ. ಇನ್ನೊಬ್ಬ ನಗಲಿಲ್ಲ. "ಚಾಸಿ ಬಾಗ್ಯಾದ. ಗುಜರಿಗಿ ಹಾಕು" ಎಂದ.

ಚಾಸಿ ಎಂದರೆ ಲಾರಿಯ ಬೆನ್ನೆಲುಬು. ಅದು ಬಾಗಿದ್ದರೆ ನಮ್ಮ ಹಳೆಯ ಆರು ಗಾಲಿಯ ಗಾಡಿಗೆ ಗುಜರಿಯೊಂದೇ ಗತಿ. ಅಪ್ಪ ಮತ್ತೆ ಮಂದಿಯ ಗಾಡಿಗೆ ಡ್ರೈವರಾಗಿ ಹೋಗಬೇಕು. ಹಾಗೆ ಹೋಗುವುದಿಲ್ಲವೆಂದೇ ಅವನು ಇದನ್ನು ಕೊಂಡಿದ್ದ.

ಗಾಡಿಯ ಟೈರು, ಡೀಸೆಲ್, ರಿಪೇರಿಗಳ ತಾರೀಖು ಬರೆದಿಡುವವಳು ನಾನು. ಟೈರುಗಳು ಒಂದೇ ಅಂಚಿನಲ್ಲಿ ಸವೆಯತೊಡಗಿದ್ದು ದೀಪಾವಳಿಯ ಮೇಲೆ ಎಂಬುದು ನನಗೆ ಗೊತ್ತಿತ್ತು. ಯಾಕೆಂದು ಗೊತ್ತಿರಲಿಲ್ಲ. ಕಾಲೇಜಿಗೆ ರಜೆ ಇದ್ದ ಒಂದು ಮಂಗಳವಾರ, ಖಾಲಿ ಗಾಡಿಯಲ್ಲಿ ಅಪ್ಪನ ಪಕ್ಕ ಕೂತು ಕಲಬುರಗಿಯ ಮೋಮಿನಪುರಕ್ಕೆ ಹೋದೆ. ಅಲ್ಲಿ ಪಾಟಾ ಕೆಲಸದ ಚಾಚಾ ಇದ್ದಾರೆ. ಪಾಟಾ ಎಂದರೆ ಲಾರಿಯ ಅಚ್ಚಿನ ಮೇಲೆ ಒಂದರ ಮೇಲೊಂದು ಜೋಡಿಸಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ಲೋಡಿನ ಭಾರ ಹೊರುವುದೂ, ರಸ್ತೆಯ ಪೆಟ್ಟು ತಿನ್ನುವುದೂ ಅವೇ.

ಚಾಚಾ ನನ್ನ ಕೈಗೆ ಟೇಪಿನ ತುದಿ ಕೊಟ್ಟರು. "ಹಿಡಿ ಬೇಟಿ, ಅಲುಗಾಡಿಸಬ್ಯಾಡ." ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿನವರೆಗೆ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಅಳೆದೆವು. ಎಡಗಡೆ ಎರಡು ಬೆರಳು ಹೆಚ್ಚು ಬಂತು.

"ಹಂಗಾದ್ರ ಬಾಗ್ಯಾದ" ಎಂದು ಅಪ್ಪ ಅಲ್ಲೇ ಟೈರಿನ ಮೇಲೆ ಕುಸಿದ.

"ಸಬರ್ ಮಾಡ್ರೀ. ಸರದದ್ದು ಅಚ್ಚು. ಚಾಸಿದು ಇನ್ನೂ ನೋಡಿಲ್ಲ."

ಚಾಸಿಯ ನಾಲ್ಕು ಮೂಲೆಗೆ ಸುಣ್ಣದ ಗುರುತು ಹಾಕಿ ಅಡ್ಡಡ್ಡ ಅಳೆದರು. ಒಂದು ಕರ್ಣ ಎಷ್ಟೋ ಇನ್ನೊಂದೂ ಅಷ್ಟೇ. ನನಗೆ ನಂಬಿಕೆ ಬರಲಿಲ್ಲ, ಮತ್ತೆ ಅಳೆಯೋಣವೆಂದೆ. ಮತ್ತೂ ಅಷ್ಟೇ.

"ಚಾಸಿ ನೆಟ್ಟಗದ" ಎಂದರು ಚಾಚಾ. ಆಮೇಲೆ ಅಡಿಗೆ ತೂರಿ ನೋಡಿ ಕೇಳಿದರು, "ಈ ಹೊಸಾ ಪಾಟಾ ಯಾವಾಗ ಹಾಕ್ಸೀರಿ?"

"ದಸರಾಕ್ಕ ರೀ. ಖಡಿ ಲೋಡಿಗಿ ಒಂದು ಹೆಚ್ಚಿಗಿ ಇರ್ಲಿ ಅಂತ ಕಮಲಾಪುರದಾಗೇ ಹಾಕ್ಸೀನಿ."

"ಮೊದಲ ಲೋಡ್ ಆದಮ್ಯಾಲ ನಟ್ ತಿರಗಾ ಬಿಗಿ ಮಾಡ್ಸೀರೇನು?"

ಅಪ್ಪ ನನ್ನ ಮುಖ ನೋಡಿದ. ಹೊಸ ಪಾಟಾಕ್ಕೆ ಖಂಡೇಪೂಜೆಯ, ಎಂದರೆ ಆಯುಧಪೂಜೆಯ ದಿನ ವಿಭೂತಿ, ಕುಂಕುಮ ಹಚ್ಚಿ ಕಾಯಿ ಒಡೆದಿದ್ದೆವು. ಪೂಜೆಯಾದ ಕಬ್ಬಿಣಕ್ಕೆ ಅಮಾವಾಸ್ಯೆಯವರೆಗೆ ನಟ್ಟು ತಿರುವುವ ಪಾನಾ ಹಚ್ಚಬಾರದೆಂಬುದು ಅಪ್ಪನ ನೇಮ. ಅಮಾವಾಸ್ಯೆಗೆ ದೀಪಾವಳಿ ಬಂತು, ದೀಪಾವಳಿಯ ಬೆನ್ನಿಗೆ ಖಡಿಯ, ಎಂದರೆ ಜಲ್ಲಿಕಲ್ಲಿನ ಬಾಡಿಗೆಗಳು ಬಂದವು. ನಟ್ಟಿನ ಮಾತು ಮರೆತೇಹೋಯಿತು.

ನಾನು ಇದನ್ನೆಲ್ಲ ಹೇಳಿದಾಗ ಚಾಚಾ ನಕ್ಕರು. "ದೇವರು ನಟ್ ಬಿಗಿ ಮಾಡಬ್ಯಾಡ ಅಂದಾನೇನ್ರೀ? ಪಾನಾಕ್ಕೂ ಜರಾ ಕುಂಕುಮ ಹಚ್ಚಿ ತಿರುವಬೇಕಿತ್ತು!"

ಆಮೇಲೆ ಅವರು ತೋರಿಸಿದ್ದು ಇಷ್ಟು. ಪಾಟಾಗಳನ್ನು ಅಚ್ಚಿಗೆ ಕಚ್ಚಿ ಹಿಡಿಯುವುದು ಎರಡು ಬದಿಯ ಯು-ಬೋಲ್ಟುಗಳು. ಹೊಸ ಪಟ್ಟಿ ಮೊದಲ ಭಾರಕ್ಕೆ ಒತ್ತಿ ಕೂರುತ್ತದೆ, ಆಗ ನಟ್ಟು ಸಡಿಲಾಗುತ್ತದೆ. ಹಿಡಿತ ಸಡಿಲವಾದರೆ ಎಳೆತವೆಲ್ಲ ನಡುವಿನ ಸಣ್ಣ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ನಮ್ಮದು ಎಡಗಡೆ ತುಂಡಾಗಿತ್ತು. ಅಚ್ಚು ಆ ಬದಿಗೆ ಹಿಂದೆ ಸರಿದು, ಲಾರಿ ಓರೆಯಾಗಿತ್ತು.

ಸಂಜೆಯೊಳಗೆ ಹೊಸ ಬೋಲ್ಟು ಹಾಕಿ, ಅಚ್ಚು ಸರಿಸಿ ಬಿಗಿದರು. ರಸ್ತೆಗೆ ಎರಡು ಕೊಡ ನೀರು ಸುರಿದು, "ಅದರ ಮ್ಯಾಲಿಂದ ನೆಟ್ಟಗ ಹೊಡೀರಿ" ಎಂದರು. ಅಪ್ಪ ಹೊಡೆದ. ಇಳಿದುಬಂದು ಒದ್ದೆ ಗುರುತಿನ ಮೇಲೆ ಬಗ್ಗಿ ನಡೆದ. ಮುಂದಿನ ಗಾಲಿ ಹೋದಲ್ಲೇ ಹಿಂದಿನದೂ ಹೋಗಿತ್ತು.

"ಇನ್ನೊಂದು ಕೊಡ ಹಾಕ್ರೀ ಚಾಚಾ, ಇನ್ನೊಮ್ಮಿ ನೋಡ್ತೀನಿ."

ಮೂರನೆಯ ಸಲ ಕೇಳಿದಾಗ ಚಾಚಾ ಕೊಡ ಬೋರಲು ಹಾಕಿಟ್ಟರು. "ಬಸ್ ಭಾಯ್, ನಳಾ ನಿಂತದ. ಇನ್ನ ಊರಿಗಿ ನಡೀರಿ."