ತೊಟ್ಟಿಲ ಹಗ್ಗದ ಕರೀ ಎಳೆ

ನಮ್ಮ ಮನೆಯ ತೊಟ್ಟಿಲಿಗೆ ನಾಲ್ಕು ಹಗ್ಗಗಳು. ಮೂರು ಹಗ್ಗಗಳು ತೊಳೆದು ತೊಳೆದು ಹಾಲಿನ ಕೆನೆಯ ಬಣ್ಣಕ್ಕೆ ಬಂದಿವೆ. ನಾಲ್ಕನೆಯದು ಮಾತ್ರ ಹಾಗಲ್ಲ. ಅದರ ಮೂರು ಎಳೆಗಳಲ್ಲಿ ಎರಡು ಬಿಳಿ, ಒಂದು ಕಪ್ಪು. ಬಿಳಿಯ ನಡುವೆ ಆ ಕರಿ ಎಳೆ ಸುತ್ತಿ ಸುತ್ತಿ ಮೇಲೇರುತ್ತ ತೊಲೆಯ ಕೊಂಡಿಯವರೆಗೆ ಹೋಗಿದೆ. ಮೊನ್ನೆ ನನ್ನ ಮಗಳು ಪಾರವ್ವ ಎರಡನೆಯ ಕೂಸನ್ನು ಹಡೆದಳು, ಗಂಡುಕೂಸು. ಹೆಸರಿಡುವ ದಿನಕ್ಕೆಂದು ಅಟ್ಟದಿಂದ ತೊಟ್ಟಿಲು ಇಳಿಸಿ ಕಟ್ಟುತ್ತಿದ್ದಾಗ ಅವಳ ಹಿರಿಯ ಮಗಳು ಚನ್ನವ್ವ ಕೆಳಗೆ ನಿಂತು, ಸೊಂಟಕ್ಕೆ ಕೈಯಿಟ್ಟು ಗದರಿಸಿದಳು: "ಅಜ್ಜಾ, ಇದೊಂದು ಯಾಕ ಕರೇದೈತಿ? ತೊಳದಿಲ್ಲೇನ ನೀ?"

ತೊಳೆಯದೆ ಬಿಟ್ಟದ್ದಲ್ಲ ನನ್ನವ್ವ, ಸೀಗೆಕಾಯಿಯೂ ಸೋತಿದೆ, ಸವಳು ಮಣ್ಣೂ ಸೋತಿದೆ. ಆ ಕಪ್ಪು ಹೇಗೆ ಬಂತೆಂದು ಹೇಳಲು ಹೊರಟರೆ ಅವಳು ಕೇಳಿಸಿಕೊಳ್ಳುವಷ್ಟು ಹೊತ್ತು ನಿಲ್ಲುವವಳಲ್ಲ. ಅಷ್ಟರಲ್ಲಿ ಹಿತ್ತಿಲ ಕೋಳಿಮರಿಗಳ ಹಿಂದೆ ಓಡಿಯಾಗಿತ್ತು. ಆದ್ದರಿಂದ ನಿಮಗೆ ಹೇಳುತ್ತೇನೆ. ನಾನು ಕಲಿತದ್ದು ಎರಡನೆಯ ಇಯತ್ತೆ, ಅದೂ ಪೂರ್ತಿಯಲ್ಲ; ಅಕ್ಷರಗಳು ನನ್ನ ಕೈಯಲ್ಲಿ ಹೊಸದಾಗಿ ಹೂಡಿದ ಹೋರಿಗಳಂತೆ ಸಾಲು ಬಿಟ್ಟು ನಡೆಯುತ್ತವೆ. ಆದರೆ ಮೊಮ್ಮಗ ಹುಟ್ಟಿದ ಮನೆಯಲ್ಲಿ ಸುಮ್ಮನೆ ಕೂಡ್ರುವುದಾದರೂ ಹೇಗೆ? ಹಿಂದಿನವರು ಊರಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಈಗ ಸಕ್ಕರೆಗೆ ರೇಷನ್ನು. ಮಾತಿಗೆ ಇನ್ನೂ ಬಂದಿಲ್ಲ, ಅದನ್ನೇ ಹಂಚುತ್ತೇನೆ.

ಯುದ್ಧ ನಡೆದಿದ್ದ ಕಾಲ. ಹಳಿಯಾಳದ ಸಾವಕಾರರೊಬ್ಬರ ಗಾಡಿಯನ್ನು ನಾನು ಓಡಿಸುತ್ತಿದ್ದೆ. ಒಂದು ಕಾಲಕ್ಕೆ ಅದು ಸೊಗಸಿನ ಮೋಟಾರಾಗಿತ್ತಂತೆ. ನನ್ನ ಕೈಗೆ ಬರುವ ಹೊತ್ತಿಗೆ ಹಿಂಭಾಗ ಕತ್ತರಿಸಿ ಸಾಗವಾನಿಯ ಪೆಟ್ಟಿಗೆ ಕೂಡ್ರಿಸಿ, ಮುಂದೆ ಮೋಟಾರು ಹಿಂದೆ ಚಕ್ಕಡಿ ಎಂಬಂತೆ ಮಾಡಿದ್ದರು. ಊರವರು ಅದನ್ನು ಅರಮೋಟಾರು ಎನ್ನುತ್ತಿದ್ದರು. ದಾಂಡೇಲಿಯಿಂದ ಬಿದಿರು, ಹಳ್ಳಿಗಳಿಂದ ಭತ್ತ, ಪೇಟೆಯಿಂದ ಉಪ್ಪು, ಏನು ಹೇರಿದರೂ ಹೊರುತ್ತಿತ್ತು. ಆದರೆ ಎಂಜಿನ್ನಿನ ನೀರನ್ನು ತಂಪಾಗಿಡುವ ಪಂಖವನ್ನು ತಿರುಗಿಸುವ ರಬ್ಬರಿನ ಪಟ್ಟಾ ಸವೆದು ಹೋಗಿ, ಗಾಡಿ ಚಾಲೂ ಆದ ಕೂಡಲೇ ಕುಂಯ್ಯೆಂದು ಚೀರುತ್ತಿತ್ತು. ಹೊಸ ಪಟ್ಟಾ ಕೇಳಿದರೆ ಹುಬ್ಬಳ್ಳಿಯ ಅಂಗಡಿಯವರು, ರಬ್ಬರೆಲ್ಲ ಯುದ್ಧಕ್ಕೆ ಹೋಗಿದೆ ಎಂದು ಕೈ ಅಲ್ಲಾಡಿಸುತ್ತಿದ್ದರು.

ನಮ್ಮೂರು ಸಾಂಬ್ರಾಣಿಯಲ್ಲಿ ಆ ಚೀರಾಟಕ್ಕೆ ಯಾರೂ ಬೇಸರಪಟ್ಟವರಲ್ಲ. ಕೆರೆಯ ಏರಿಯ ಆಚೆ ಸದ್ದು ಕೇಳಿದೊಡನೆ ನಮ್ಮಾಕೆ ಒಲೆಗೆ ಕಟ್ಟಿಗೆ ನೂಕುತ್ತಿದ್ದಳು. ನಾನು ಕಾಲು ತೊಳೆದು ಒಳಗೆ ಬರುವುದಕ್ಕೂ ಗಂಗಾಳದಲ್ಲಿ ಬಿಸಿ ರೊಟ್ಟಿ ಬೀಳುವುದಕ್ಕೂ ಸರಿಹೋಗುತ್ತಿತ್ತು. ಯೋಚಿಸಿ ನೋಡಿ, ನಮ್ಮ ಬಾಳೆಲ್ಲ ಸದ್ದಿನ ಗುರುತಿನಲ್ಲೇ ನಡೆದದ್ದಲ್ಲವೇ? ಬೀಸುವ ಕಲ್ಲು ಗುರುಗುಟ್ಟಿದರೆ ಬೆಳಗು, ಕೊರಳಗಂಟೆ ಅಲುಗಿದರೆ ಸಂಜೆ, ಬಾಗಿಲು ಕಿರ್ರೆಂದರೆ ಮನೆಯವರು.

ಪಾರವ್ವನನ್ನು ಕೊಟ್ಟದ್ದು ಮುಂಡಗೋಡದ ಕಡೆಯ ಚಿಗಳ್ಳಿಗೆ. ಅವಳಿಗೆ ಏಳು ತಿಂಗಳು ತುಂಬುತ್ತಿದ್ದಂತೆ ಸೀಮಂತದ ಕುಬಸ ಮಾಡಿ ಕರೆತರಲು ಅರಮೋಟಾರು ತೆಗೆದುಕೊಂಡು ಹೋದೆ. ಭತ್ತದ ಸುಗ್ಗಿಯ ದೆಸೆಯಿಂದ ಮೊದಲೇ ತಡವಾಗಿತ್ತು. ಮರುದಿನ ಎಂಟನೆಯ ತಿಂಗಳಿಗೆ ಬೀಳುವುದಿತ್ತು, ಎಂಟರಲ್ಲಿ ಬಸುರಿಯನ್ನು ಹೊಳೆ ದಾಟಿಸುವುದಿಲ್ಲ, ನಮ್ಮ ಎರಡೂರುಗಳ ನಡುವೆ ಬೇಡ್ತಿ ಹಳ್ಳ. ಅಂದೇ ಕರೆತರಬೇಕು, ಇಲ್ಲವಾದರೆ ಚೊಚ್ಚಲ ಹೆರಿಗೆ ಅತ್ತೆಯ ಮನೆಯಲ್ಲೇ. ನಮ್ಮಾಕೆ ತಾಯಿಯಿಲ್ಲದೆ ಬೆಳೆದವಳು. ಪಾರವ್ವನನ್ನು ಹಡೆಯುವಾಗ ತಲೆ ನೇವರಿಸಲು ತನ್ನವರೆಂಬವರು ಒಬ್ಬರೂ ಇರಲಿಲ್ಲ. ಮಗಳಿಗೆ ಹಾಗಾಗಬಾರದು ಎಂಬುದೊಂದೇ ಅವಳ ಬಯಕೆ. "ಕರಕೊಂಡ ಬರ್ರಿ. ನಾ ಬಾಗಲದಾಗ ಕುಂತಿರತೇನಿ," ಎಂದು ಕಳಿಸಿದ್ದಳು.

ಚಿಗಳ್ಳಿಯ ಅಂಗಳದಲ್ಲಿ ಗಾಡಿ ಚೀರುತ್ತ ನಿಂತಾಗ ನನ್ನ ಬೀಗಿತಿ ನಾಗವ್ವ ಕಿವಿ ಮುಚ್ಚಿಕೊಂಡು ಹೊರಗೆ ಬಂದಳು. ಹೊಲ, ಎತ್ತು, ಆಳುಮಕ್ಕಳು, ಎಲ್ಲವನ್ನೂ ಒಬ್ಬಳೇ ನಡೆಸುವ ಗಟ್ಟಿ ಹೆಂಗಸು.

"ಬೀಗರ, ಇದೇನ್ರೀ ಹಿಂಗ ಅಳತೈತಿ? ನಿಮ್ಮ ರೊಟ್ಟಿ ಇದಕ್ಕೂ ಹಾಕತೀರೇನ?"

"ಪಟ್ಟಾ ಸವದೈತ್ರಿ ಬೀಗತ್ಯಾರ. ಯುದ್ಧ ನಿಂತ ಮ್ಯಾಲೆ ಹೊಸಾದು ಬರತೈತಿ."

"ಯುದ್ಧ ನಿಲ್ಲೂತನಕ ಕೂಸು ಕಾಯತೈತೇನು? ಅಳೂ ಗಾಡ್ಯಾಗ ಬಸರಿ ಹೆಣ್ಣಮಗಳನ್ನ ನಾ ಕಳಸೂದಿಲ್ಲ ನೋಡ್ರಿ. ಅಳಸಿಕೋತ ಕಳಿಸಿದರ ಅಳಕೋತನ ಬರತಾಳಂತ ನಮ್ಮತ್ತಿ ಹೇಳತಿದ್ದಳು."

ಕುಬಸ ಮುಗಿಯಿತು, ಹೋಳಿಗೆ ಬಡಿಸಿದರು. ಆದರೆ ನಾನು ಉಣ್ಣುತ್ತಿದ್ದಾಗ ಅಂಗಳದಲ್ಲಿ ನಡೆದದ್ದೇ ಬೇರೆ. ನಾಗವ್ವನಿಗೆ ಸೊಸೆಯನ್ನು ತಡೆಯುವ ಮನಸ್ಸೇನೂ ಇರಲಿಲ್ಲ. ಅಳು ನಿಂತರೆ ಸಾಕಾಗಿತ್ತು. ಎಲ್ಲಿ ಅಳುತ್ತದೆಂದು ಪಾರವ್ವನನ್ನೇ ಕೇಳಿ, ಅವಳು ಬಾನೆಟ್ಟು ಎತ್ತಿ ತೋರಿಸಿದ ಕಡೆ, ಚಕ್ಕಡಿಯ ಅಚ್ಚಿಗೆ ಹಾಕುವ ಔಡಲೆಣ್ಣೆಯನ್ನು ಕೈಬಿಚ್ಚಿ ಸುರಿದುಬಿಟ್ಟಿದ್ದಳು. ಚಕ್ಕಡಿಯವರ ಲೋಕದಲ್ಲಿ ಕಿರುಗುಡುವುದಕ್ಕೆಲ್ಲ ಅದೊಂದೇ ಮದ್ದು. ನಾನೂ ಅದೇ ಲೋಕದವನು; ನನ್ನನ್ನು ಕೇಳಿದ್ದರೆ ನಾನೇ ಎಣ್ಣೆಯ ಪಾತ್ರೆ ಹಿಡಿದು ನಿಲ್ಲುತ್ತಿದ್ದೆನೋ ಏನೋ.

ಹ್ಯಾಂಡಲು ತಿರುವಿದೆ. ಗಾಡಿ ಗುರುಗುಟ್ಟಿತು; ಚೀರಲಿಲ್ಲ. ನಾನು ಬೆರಗಾಗಿ ನಿಂತರೆ ನಾಗವ್ವ ಸೆರಗಿಗೆ ಕೈ ಒರೆಸಿಕೊಂಡು ನಕ್ಕಳು. "ಎಣ್ಣಿ ಕಾಣದ ಗಾಡಿ ಅಳದ ಏನ ಮಾಡೀತರೀ? ನಡೀರಿ, ನಾನೂ ಬರತೇನಿ. ತೊಟ್ಟಲಾ ನಿಮ್ಮ ಮನ್ಯಾಗ ಕಟ್ಟಿಕೊಟ್ಟು ಬರತೇನಿ." ಅವರ ಮನೆತನದ ಹಿರಿಯ ಕೂಸುಗಳೆಲ್ಲ ಮಲಗಿದ ತೊಟ್ಟಿಲು ಅದು. ಹಗ್ಗಗಳ ಸಮೇತ ಹಿಂದಿನ ಪೆಟ್ಟಿಗೆ ಏರಿತು.

ಅಷ್ಟು ಸುಖದ ದಾರಿಯನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಎಂದೂ ಕೇಳದ ಹಕ್ಕಿಯ ದನಿ, ಬಿದಿರ ಹಿಂಡಿನ ಸರಸರ ಎಲ್ಲ ಕಿವಿಗೆ ಬೀಳುತ್ತಿದ್ದವು. ಹಳ್ಳ ಇನ್ನೂ ಒಂದು ಕೂಗಳತೆ ಇರುವಾಗ ಮುಂಭಾಗದಿಂದ ಅಂಬಲಿ ಕುದಿದಂತೆ ತಕಪಕ ಸದ್ದು, ಬಿಳಿ ಹಬೆ. ಇಳಿದು ಬಾನೆಟ್ಟು ಎತ್ತಿದೆ. ಪಟ್ಟಾ ಮಿರಮಿರ ಮಿಂಚುತ್ತಿತ್ತು. ಪುಲ್ಲಿಯ ಗಾಲಿ ತಿರುಗಿದರೂ ಪಟ್ಟಾ ಜಾರುತ್ತ ನಿಂತಲ್ಲೇ ನಿಂತಿತ್ತು, ಪಂಖ ತಿರುಗದೆ ನೀರು ಕುದಿದಿತ್ತು. ಬಿಗಿ ಮಾಡೋಣವೆಂದು ನಟ್ಟಿಗೆ ಪಾನಾ ಹಾಕಿ ಜಗ್ಗಿದೆ. ಮೊದಲೇ ಬಿರುಕು ಬಿಟ್ಟದ್ದು, ಸತ್ತ ಹಾವಿನಂತೆ ಎರಡು ತುಂಡಾಗಿ ಕೈಗೆ ಬಂತು.

"ನಾ ಎಣ್ಣಿ ಹಾಕಿದ್ದಕ್ಕೇನ್ರೀ?" ಎಂದಳು ನಾಗವ್ವ, ಎಂದಿಲ್ಲದ ಸಣ್ಣ ದನಿಯಲ್ಲಿ.

"ಇದು ಹಿಡಕೊಂಡ ತಿರಗಬೇಕ್ರಿ ಬೀಗತ್ಯಾರ, ಎಣ್ಣಿ ಬಿದ್ದರ ಜಾರತೈತಿ."

ಹೊತ್ತು ಇಳಿಯುತ್ತಿತ್ತು. ಹಿಂದೆ ಬಿಟ್ಟ ಹಳ್ಳಿಯಿಂದ ಚಕ್ಕಡಿ ಹೂಡಿಸಿ ಚಿಗಳ್ಳಿಗೆ ಹೊಳ್ಳುವುದೊಂದೇ ಉಳಿದ ದಾರಿ. ನಾಗವ್ವ ಅದನ್ನೇ ಹೇಳಿದಳು. ಪಾರವ್ವ ಹಳ್ಳದ ಕಡೆ ಮುಖ ಮಾಡಿಕೊಂಡೇ, "ಅತ್ತೀ, ನಮ್ಮವ್ವ ಬಾಗಲದಾಗ ಕುಂತಿರತಾಳ," ಎಂದಳು. ಅಷ್ಟೇ.

ನಾಗವ್ವ ಸೊಸೆಯನ್ನೊಮ್ಮೆ ನೋಡಿದಳು, ಹಳ್ಳವನ್ನೊಮ್ಮೆ ನೋಡಿದಳು. ಆಮೇಲೆ ಹಿಂದೆ ಹೋಗಿ ತೊಟ್ಟಿಲ ಒಂದು ಹಗ್ಗ ಬಿಚ್ಚಿ ತಂದಳು. ನಾನು ಸೊಂಟದ ಚಾಕು ತೆಗೆದೆ.

"ಚಾಕೂ ಒಳಗ ಇಡ್ರಿ! ಕೂಸು ಹುಟ್ಟೂಕಿನ ಮದಲ ತೊಟ್ಟಲ ಹಗ್ಗಾ ಕೊಯ್ಯತಾರೇನು? ಬುದ್ಧಿ ಎಲ್ಲಿ ಇಟ್ಟ ಬಂದೀರಿ?"

"ಗಂಟ ಹಾಕಿದರ ಪುಲ್ಯಾಗ ಕೂಡೂದಿಲ್ರಿ."

"ಗಂಟೂ ಹಾಕೂದಿಲ್ಲ, ಕೊಯ್ಯೂದೂ ಇಲ್ಲ. ಸರೀರಿ ಅತ್ಲಾಗ."

ಅವಳ ಮನೆಯಲ್ಲಿ ಬಾವಿಯ ಹಗ್ಗ, ಎತ್ತಿನ ಹಗ್ಗ ಎಲ್ಲ ಹೊಸೆಯುವವಳು ಅವಳೇ. ಮೂರೆಳೆಯ ಹಗ್ಗದ ಹುರಿ ಬಿಚ್ಚಿ ಒಂದೇ ಎಳೆಯನ್ನು ಬೇರೆ ಮಾಡಿದಳು. ಅದನ್ನು ಪುಲ್ಲಿಗಳ ಸುತ್ತ ಒಮ್ಮೆ ಬಳಸಿ, ಅದರ ಮೈಮೇಲೆಯೇ ಹುರಿಗೂಡಿಸುತ್ತ ಮತ್ತೊಮ್ಮೆ, ಮಗದೊಮ್ಮೆ ತಂದು, ತುದಿಗಳನ್ನು ಒಳಗೇ ಹೆಣೆದಳು. ಮೂರು ಸುತ್ತು ಬಂದ ಒಂದೆಳೆ, ಗಂಟಿಲ್ಲದ ದುಂಡನೆಯ ಹಗ್ಗವಾಗಿತ್ತು. ಮೊದಲೂ ಇಲ್ಲ, ಕೊನೆಯೂ ಇಲ್ಲ. ತಾಯಿ, ಮಗಳು, ಅವಳ ಹೊಟ್ಟೆಯ ಕೂಸು ಹೀಗೆಯೇ ಒಬ್ಬರ ಮೈಮೇಲೆ ಒಬ್ಬರು ಬಳಸಿಕೊಂಡು ಬರುತ್ತಾರಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು, ಪುಲ್ಲಿಯ ಎಣ್ಣೆ ಹೋಗದಿದ್ದರೆ ಇದೂ ಜಾರುತ್ತದೆ ಎಂದಷ್ಟೇ. ಅದನ್ನು ಅಂದೆ. ನಾಗವ್ವ ಸಂಚಿಯಿಂದ ವಿಭೂತಿಯ ಗಟ್ಟಿ ತೆಗೆದು, ಶಿವನ ಹೆಸರು ಹೇಳಿ ಪುಡಿ ಮಾಡಿ, ಪುಲ್ಲಿಗಳಿಗೆಲ್ಲ ತಿಕ್ಕಿ ತಿಕ್ಕಿ ಒಣಗಿಸಿದಳು.

"ಗಾಡೀಗೂ ಈಬತ್ತಿ ಆತು," ಎಂದು ಪಾರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಗವ್ವನೂ ನಕ್ಕಳು. ಪಾನಾ ತಿರುವಿ ಹಗ್ಗವನ್ನು ಬಿಗಿ ಮಾಡಿ, ಹಳ್ಳದ ನೀರು ತುಂಬಿ, ಹ್ಯಾಂಡಲು ತಿರುವಿದೆ. ತೊಟ್ಟಿಲ ಹಗ್ಗ ಪಂಖವನ್ನು ಹಿಡಿದುಕೊಂಡು ತಿರುಗಿತು. ಹಳ್ಳ ದಾಟುವಾಗ ನಾಗವ್ವ ನೀರಿಗೆ ಎಲೆ ಅಡಿಕೆ ಬಿಟ್ಟು ಕೈಮುಗಿದಳು. ಹುಟ್ಟುವ ಮೊದಲೇ ತನ್ನ ತೊಟ್ಟಿಲ ಹಗ್ಗದಿಂದ ತೂಗಿಸಿಕೊಂಡು ಊರಿಗೆ ಬಂದ ಕೂಸು ನಮ್ಮ ಚನ್ನವ್ವನಲ್ಲದೆ ಬೇರೆ ಯಾರಿದ್ದಾರು?

ಎಂಜಿನ್ನು ಆಗಾಗ ಆರಿಸಿಕೊಳ್ಳುತ್ತ ಮೆಲ್ಲಗೆ ಬಂದು ಸಾಂಬ್ರಾಣಿ ಸೇರಿದಾಗ ದೀಪ ಹಚ್ಚುವ ಹೊತ್ತು. ಹೊಸಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಹೋಗಿ ನೋಡಿದರೆ, ಏರಿಯ ಆಚೆಯ ಚೀರಾಟಕ್ಕೆ ದಿನವಿಡೀ ಕಿವಿಗೊಟ್ಟು ಕುಳಿತ ನಮ್ಮಾಕೆ, ಬೀಗರು ಕಳಿಸಲಿಲ್ಲವೆಂದುಕೊಂಡು, ಆರತಿಯ ತಟ್ಟೆಯನ್ನು ಒಳಗಿಟ್ಟು, ಅಡಿಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಪಾರವ್ವ ಹಿಂದಿನಿಂದ ಹೋಗಿ "ಅವ್ವಾ" ಎಂದಳು.

"ಗಾಡೀ ಸಪ್ಪಳನ ಆಗಲಿಲ್ಲಲ್ಲ!" ಎಂದ ನಮ್ಮಾಕೆ, ಆ ದಿನ ಗಾಡಿ ಅಳದೆ ಉಳಿಸಿದ್ದನ್ನೆಲ್ಲ ತಾನೇ ಅತ್ತಳು. ನಾಗವ್ವ ಅವಳ ಬೆನ್ನು ತಟ್ಟಿ, "ಅಳಬ್ಯಾಡವ್ವ, ಎಣ್ಣಿ ಖರ್ಚಾಗೈತಿ," ಎಂದು ನಗಿಸಿದಳು.

ಮುಂದೆ ದಿನ ತುಂಬಿದ ಒಂದು ಮುಂಜಾನೆ ನಾನು ಕಟ್ಟೆಯ ಮೇಲೆ ಕುಳಿತು, ಮಾಡಲು ಕೆಲಸವಿಲ್ಲದೆ ಅದೇ ಪಾನಾವನ್ನು ಒರೆಸುತ್ತಿದ್ದೆ. ಒಳಗಿನಿಂದ ಕುಂಯ್ಯೆಂದು ಒಂದು ದನಿ ಎದ್ದಿತು. ತೆಳ್ಳನೆಯದು, ಹಟದ್ದು, ಊರಿಗೆಲ್ಲ ಕೇಳುವಂಥದು. ಬಾಗಿಲ ಸಂದಿಯಿಂದ ನಮ್ಮಾಕೆ ಕೂಗಿದಳು: "ಬಂತು ನೋಡ್ರಿ, ನಿಮ್ಮ ಗಾಡಿ!"

ಯುದ್ಧ ಮುಗಿದ ಮೇಲೆ ಹೊಸ ಪಟ್ಟಾ ಬಂತು. ಅಲ್ಲಿಯವರೆಗೆ ಚನ್ನವ್ವನನ್ನು ಗಟ್ಟಿಯಾದೊಂದು ನೂಲಿನ ಹಗ್ಗ ಸೇರಿಸಿ ತೂಗಿದೆವು. ಆ ಎಳೆ, ನಾಗವ್ವ ಮತ್ತೆ ಮತ್ತೆ ಬಂದು ಹೆಣೆದುಕೊಟ್ಟಂತೆಲ್ಲ, ಗಾಡಿಯಲ್ಲೇ ದುಡಿದು ಎಂಜಿನ್ನಿನ ಮಸಿ ಕುಡಿದು ಕಪ್ಪಾಯಿತು. ಕೊನೆಗೆ ಅವಳೇ ಅದನ್ನು ಬಿಚ್ಚಿ, ತನ್ನ ಜೊತೆಯ ಎರಡು ಎಳೆಗಳಿಗೆ ಮರಳಿ ಹುರಿಗೂಡಿಸಿದಳು. ಹೊಸ ಹಗ್ಗ ತರುತ್ತೇನೆಂದರೆ ಒಪ್ಪಲಿಲ್ಲ. "ದುಡದ ಬಂದಾರನ್ನ ಹೊರಗ ಹಾಕತಾರೇನ್ರೀ?" ಎಂದಳು.

ಇಂದು ಆ ತೊಟ್ಟಿಲಲ್ಲಿ ನನ್ನ ಮೊಮ್ಮಗನಿದ್ದಾನೆ. ತೊಲೆಯ ಕೊಂಡಿ ತೂಗಿದಾಗಲೆಲ್ಲ ಕಿರ್ರೆನ್ನುತ್ತದೆ. ಹೆಸರಿಡಲು ಬಂದ ನಾಗವ್ವನ ಮುಂದೆ ನಾನು ಬೇಕೆಂದೇ ಔಡಲೆಣ್ಣೆಯ ಬಟ್ಟಲು ತಂದಿಟ್ಟೆ. ಅವಳು ಅದನ್ನು ದೂರ ಸರಿಸಿ, "ಅಳಲಿ ಬಿಡ್ರಿ ಬೀಗರ, ಊರಿಗೆಲ್ಲಾ ಗೊತ್ತಾಗಲಿ," ಎಂದಳು. ಚನ್ನವ್ವ ಕೋಳಿಮರಿಗಳನ್ನು ಬಿಟ್ಟು ಬಂದಿದ್ದಾಳೆ. ಕರಿ ಎಳೆಯ ಹಗ್ಗವನ್ನೇ ಆರಿಸಿ ಎರಡೂ ಕೈಯಲ್ಲಿ ಹಿಡಿದು, ಮೂಸಿ ನೋಡಿ, "ಅಜ್ಜಾ, ಇದು ಗಾಡೀ ವಾಸನಿ ಬರತೈತಿ," ಎನ್ನುತ್ತ ತಮ್ಮನನ್ನು ತೂಗುತ್ತಿದ್ದಾಳೆ.