ಅರವತ್ತು ದಾಟದವರ ಲೆಕ್ಕ

ಗುಂಡುಸೂಜಿಯಷ್ಟು ಅಲ್ಪವಾದ ವಸ್ತು ಮನೆಯಲ್ಲಿ ಇನ್ನೊಂದಿರಲಾರದು. ಆದರೆ ಹತ್ತಾರು ವರ್ಷ ಒಂದೇ ಕಾಗದವನ್ನು ಕಚ್ಚಿಕೊಂಡು ಕೂತು ತುಕ್ಕು ಹಿಡಿದ ಗುಂಡುಸೂಜಿಗೆ ಒಂದು ಬಗೆಯ ಮುಪ್ಪಿನ ಮುಂಗೋಪ ಬಂದಿರುತ್ತದೆ ಎಂಬುದು ನನ್ನ ಹಾಗೆ ಹಳೆಯ ಕಾಗದ ಬಿಡಿಸಲು ಕೂತವರಿಗೆ ಮಾತ್ರ ಗೊತ್ತು. ಹೊಸ ಸೂಜಿ ಎಳೆದರೆ ಸಲೀಸಾಗಿ ಬರುತ್ತದೆ. ಹಳೆಯದು ಮೊದಲು ಕಾಗದವನ್ನು ಹರಿಯುತ್ತದೆ, ಆಮೇಲೆ ಬೆರಳನ್ನು ಚುಚ್ಚುತ್ತದೆ. ಅದು ನನ್ನ ಹೆಬ್ಬೆರಳನ್ನು ಚುಚ್ಚಿದ ಮಧ್ಯಾಹ್ನ ನಾನು ಅಂಗಿಯನ್ನೂ ಮರೆತು, ಬನಿಯನ್ನಿನಲ್ಲೇ ಹರಪನಹಳ್ಳಿಯ ಪೇಟೆ ಬೀದಿ ದಾಟಿ, ಡಾಕ್ಟರ ಮುಂದೆ ನಿಂತು ಧನುರ್ವಾಯುವಿನ ಇಂಜೆಕ್ಷನ್ ಹಾಕಿ ಎಂದು ಅಂಗಲಾಚಿದೆ. ಒಂದು ಹನಿ ರಕ್ತವೂ ಬಂದಿರಲಿಲ್ಲ. ಅಷ್ಟೊಂದು ಭಯ ಯಾಕೆ ಎಂದು ನೀವು ಕೇಳಿದರೆ, ಆ ಕಾಗದಗಳಿಂದಲೇ ಶುರು ಮಾಡಬೇಕಾಗುತ್ತದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನನ್ನ ಜೊತೆಯ ಗಣಿತದ ಮಾಸ್ತರರು ಮನೆಪಾಠ ಹೇಳಿ ಮನೆ ಕಟ್ಟಿಸಿದರು. ನಾನು ಕೂಡ್ಲಿಗಿ, ಕೊಟ್ಟೂರು, ಹಡಗಲಿ ಎಂದು ವರ್ಗವಾದಲ್ಲೆಲ್ಲ ವಂಶವೃಕ್ಷದ ಹುಚ್ಚು ಹಚ್ಚಿಕೊಂಡು, ಇದ್ದ ಮನೆಯನ್ನು ಕಾಗದದಿಂದ ತುಂಬಿಸಿದೆ. ಹಳೆಯ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟ ಹುಟ್ಟುಗಳನ್ನು, ಚಿಗಟೇರಿಯ ತೋಟದಲ್ಲಿ ನಮ್ಮವರ ಗದ್ದುಗೆಗಳ ಮೇಲೆ ಕೆತ್ತಿಸಿದ ಸಾವುಗಳನ್ನು, ಮುದುಕಿಯರ ನೆನಪುಗಳನ್ನು ಕೈಗೆ ಸಿಕ್ಕಿದ್ದರ ಮೇಲೆ ಗೀಚಿಕೊಂಡೆ: ಲಗ್ನಪತ್ರಿಕೆಯ ಬೆನ್ನು, ಉತ್ತರಪತ್ರಿಕೆಯ ಖಾಲಿ ಹಾಳೆ, ಮಂಡಕ್ಕಿ ಕಟ್ಟಿಕೊಟ್ಟ ಕಾಗದ. ಆ ಮಂಡಕ್ಕಿ ಕಾಗದದಲ್ಲಿ ಒಗ್ಗರಣೆಯ ಎಣ್ಣೆ ಹರಡಿ, ನನ್ನ ಒಬ್ಬ ಮುತ್ತಜ್ಜಿಯ ಹೆಸರು ಇವತ್ತಿಗೂ ಅರೆಪಾರದರ್ಶಕವಾಗಿದೆ. ಇದೆಲ್ಲ ಒಂದು ದೊಡ್ಡ ಟ್ರಂಕಿನಲ್ಲಿತ್ತು. ಯುಗಾದಿಗೆ ಮುಂಚೆ ಗೋಡೆಗೆ ಸುಣ್ಣ ಹೊಡೆಸಲು ಹೊರಟ ನನ್ನ ಹೆಂಡತಿ ನೀಲಮ್ಮ ಒಂದು ದಿನ ಅದರ ಮುಂದೆ ನಿಂತು ತೀರ್ಪು ಕೊಟ್ಟಳು: “ಈ ಟ್ರಂಕು ಖಾಲಿ ಆಗ್ಬೇಕು ನೋಡ್ರಿ. ಇಲ್ಲಾಂದ್ರ ನಿಮ್ಮ ಹಿರೇರನ್ನೆಲ್ಲ ತೂಕಕ್ಕ ಹಾಕಿ ಮಂಡಕ್ಕಿ ಅಂಗಡಿಗೆ ಕಳಿಸ್ತೀನಿ.”

ಇಂಥ ಹವ್ಯಾಸಕ್ಕೆ ನಮ್ಮ ಸೀಮೆ ಹೇಳಿ ಮಾಡಿಸಿದ ಜಾಗವಲ್ಲ. ಇಲ್ಲಿ ವಂಶಾವಳಿ ಎಂಬ ಸಂಸ್ಕೃತ ಶಬ್ದಕ್ಕೆ ಕನ್ನಡದಲ್ಲಿ ಒಂದೇ ಅರ್ಥ, ಆಸ್ತಿಯ ಭಾಗ. ಚಿಗಟೇರಿಯ ನನ್ನ ದಾಯಾದಿ ಶಿವಣ್ಣನ ಮನೆಗೆ ಹೋಗಿ ಅವನ ಅಜ್ಜನ ಹುಟ್ಟಿದ ವರ್ಷ ಕೇಳಿದಾಗ, ಅವನು ಚಹದ ಕಪ್ಪನ್ನು ನನ್ನ ಕೈಗೆ ಕೊಡದೆ ತನ್ನ ಕೈಯಲ್ಲೇ ಹಿಡಿದು, “ಯಾಕ್ರಿ ಮಾಸ್ತರ, ಹೊಲದ್ದೇನರ ತಕರಾರು ಐತೇನು?” ಎಂದ. ಹಿರೀಕರ ಮೇಲಿನ ಪ್ರೀತಿಗೆ ಕೇಳುತ್ತಿದ್ದೇನೆ ಎಂದೆ. ಆ ಮಾತು ಅವನನ್ನು ಇನ್ನಷ್ಟು ಹೆದರಿಸಿತು. ಆ ವಾರವೇ ಬದುವಿಗೆ ಹೊಸ ಕಲ್ಲು ನೆಡಿಸಿದನಂತೆ. ಆಗ ನಾನು ನಕ್ಕಿದ್ದೆ. ಅಂಜುವ ಸರದಿ ನನ್ನದೂ ಬರುತ್ತದೆ ಎಂದು ಗೊತ್ತಿರಲಿಲ್ಲ.

ಟ್ರಂಕು ಖಾಲಿ ಮಾಡಲು ನಾನು ಕಂಡುಕೊಂಡ ಉಪಾಯ ಸರಳವಾದದ್ದು. ಒಬ್ಬೊಬ್ಬ ಹಿರಿಯರಿಗೆ ಒಂದೊಂದು ಚೀಟಿ ಮಾಡಿ, ಹೆಸರು, ಹುಟ್ಟು, ಸಾವು, ವಯಸ್ಸು ಬರೆದುಕೊಂಡು, ಮೂಲ ಕಾಗದವನ್ನು ಎಸೆದುಬಿಡುವುದು. ತೊಡಕೆಂದರೆ ನಮ್ಮವರು ಇಸವಿ ಬರೆದವರಲ್ಲ. ಮುತ್ತಜ್ಜ ಕೊಟ್ರಪ್ಪ ರಾಕ್ಷಸ ಸಂವತ್ಸರದಲ್ಲಿ ಹುಟ್ಟಿ ಪ್ರಮಾಥಿ ಸಂವತ್ಸರದಲ್ಲಿ ಲಿಂಗೈಕ್ಯನಾದ, ಅಷ್ಟೇ. ಹಾಗಾಗಿ ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಹೆಸರುಗಳನ್ನು ಒಂದು ಹಾಳೆಯಲ್ಲಿ ಚಕ್ರಾಕಾರವಾಗಿ ಬರೆದು, ಹುಟ್ಟಿದ ಹೆಸರಿನಿಂದ ಸತ್ತ ಹೆಸರಿನವರೆಗೆ ಬೆರಳಿಟ್ಟು ಎಣಿಸಿ, ಬಂದ ಸಂಖ್ಯೆಯನ್ನು ವಯಸ್ಸಿನ ಜಾಗದಲ್ಲಿ ತುಂಬುತ್ತ ಹೋದೆ. ಮುತ್ತಜ್ಜನಿಗೆ ಇಪ್ಪತ್ನಾಲ್ಕು ಬಂತು. ಐದು ಮಕ್ಕಳ ತಂದೆ ಇಪ್ಪತ್ನಾಲ್ಕಕ್ಕೇ ಹೋದನೇ ಎಂದು ಒಂದು ಕ್ಷಣ ಅನುಮಾನವಾದರೂ, ಆ ಕಾಲದ ಬಾಲ್ಯವಿವಾಹವನ್ನು ನೆನೆದು ಮರುಗಿ ಮುಂದಿನ ಚೀಟಿಗೆ ಹೋದೆ. ಅವನ ತಮ್ಮನಿಗೆ ಹತ್ತೊಂಬತ್ತು, ನನ್ನ ಅಜ್ಜನಿಗೆ ಐವತ್ತೆರಡು. ಅಪ್ಪನದು ಎಣಿಸಬೇಕಾಗಿರಲಿಲ್ಲ, ಐವತ್ತೆಂಟಕ್ಕೆ ಹೋದ ಅವನಿಗೆ ಹೆಗಲು ಕೊಟ್ಟವನು ನಾನೇ. ಚೀಟಿಗಳನ್ನೆಲ್ಲ ಜಮಖಾನದ ಮೇಲೆ ಸಾಲಾಗಿ ಹರಡಿ, ಎಂಥ ಅಚ್ಚುಕಟ್ಟು ಎಂದು ಹೆಮ್ಮೆಯಿಂದ ಕಣ್ಣಾಡಿಸಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನಮ್ಮ ವಂಶದಲ್ಲಿ ಒಬ್ಬನೇ ಒಬ್ಬ ಗಂಡಸೂ ಅರವತ್ತನ್ನು ಕಂಡಿರಲಿಲ್ಲ. ನನಗೆ ಆಗ ಐವತ್ತೊಂಬತ್ತು. ಬರುವ ಯುಗಾದಿಗೆ ನಾನು ಹುಟ್ಟಿದ ಚಿತ್ರಭಾನು ಸಂವತ್ಸರವೇ ಮರಳಿ ಬರುವುದಿತ್ತು.

ಅಂದಿನಿಂದ ನನ್ನ ಜೀವಕ್ಕೆ ನೆಮ್ಮದಿ ಇಲ್ಲವಾಯಿತು. ಅಟ್ಟದ ಏಣಿ ಹತ್ತುವುದನ್ನು ಬಿಟ್ಟೆ. ಮಿರ್ಚಿ ತಿಂದು ಎದೆ ಉರಿದರೆ ಅದು ಮಿರ್ಚಿಯ ಉರಿ ಎಂದು ನಂಬುವುದು ಕಷ್ಟವಾಯಿತು. ಚಪ್ಪಲಿ ಅಂಗಡಿಯವನು “ಎರಡು ವರ್ಷ ಏನೂ ಆಗಲ್ರಿ” ಎಂದಾಗ, ಆ ಭರವಸೆ ಚಪ್ಪಲಿಗೋ ನನಗೋ ಎಂದು ಅವನ ಮುಖ ನೋಡಿದೆ. ದಾವಣಗೆರೆಯಿಂದ ಮಗಳು ಫೋನು ಮಾಡಿ, “ಅಪ್ಪಾಜಿ, ಅರವತ್ತಕ್ಕೆ ಎಲ್ಲರನ್ನೂ ಕರೆದು ಜೋರಾಗಿ ಮಾಡೋಣ” ಎಂದು ಉತ್ಸಾಹದಿಂದ ಹೇಳುವಾಗ, ಎಲ್ಲರೂ ಬೇರೊಂದು ಕಾರಣಕ್ಕೆ ಬಂದು ಅದೇ ಶಾಮಿಯಾನದ ಕೆಳಗೆ ಕೂತಿರುವುದು ಕಣ್ಣಿಗೆ ಕಟ್ಟಿತು. ನೀಲಮ್ಮ ಊಟಕ್ಕೆ ಬಡಿಸಿದರೆ, ಇವಳಿಗೆ ಗ್ಯಾಸ್ ಸಿಲಿಂಡರ್ ಬುಕ್ ಮಾಡುವುದೂ ತಿಳಿಯದಲ್ಲ ಎಂದು ಮರುಗಿ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದೆ. ಇಷ್ಟು ವರ್ಷ ಅದನ್ನು ಬುಕ್ ಮಾಡುತ್ತಿದ್ದವಳು ಅವಳೇ ಎಂಬುದು ಆಮೇಲೆ ತಿಳಿಯಿತು. ಗುಂಡುಸೂಜಿ ಚುಚ್ಚಿದ್ದು ಇದೇ ದಿನಗಳಲ್ಲಿ.

ಕೊನೆಗೆ ತಡೆಯಲಾರದೆ ತುಂಗಭದ್ರೆಯ ದಂಡೆಯ ಹಲವಾಗಲಿಗೆ ಬಸ್ಸು ಹತ್ತಿದೆ. ಅಲ್ಲಿ ನನ್ನ ಅಪ್ಪನ ತಂಗಿ ಈರಮ್ಮತ್ತೆ ಇದ್ದಳು. ಊರೂರಿನ ಮುದುಕಿಯರನ್ನು ಕಾಡಿಸಿದ ನಾನು ಸ್ವಂತ ಅತ್ತೆಯನ್ನು ಒಮ್ಮೆಯೂ ಕೇಳಿರಲಿಲ್ಲ. ನಮ್ಮವರು ಎಲ್ಲಿಗೆ ಹೋಗುತ್ತಾರೆ ಎಂಬ ಉಡಾಫೆ. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅವಳ ಮುಂದೆ ಚಕ್ರದ ಹಾಳೆಯನ್ನೂ ಚೀಟಿಗಳನ್ನೂ ಹರಡಿ, ಭಿಕ್ಷೆ ಬೇಡುವ ದನಿಯಲ್ಲಿ ಕೇಳಿದೆ: “ಅತ್ತಿ, ನಮ್ಮ ಮನಿತನದಾಗ ಅರವತ್ತು ದಾಟಿದ ಗಂಡಸ್ರು ಯಾರರ ಇದ್ರೇನು?”

“ಯಾಕ, ನಮ್ಮ ಕೊಟ್ರಪ್ಪಜ್ಜ ಇದ್ನಲ್ಲ.”

“ಅವ ಇಪ್ಪತ್ನಾಲ್ಕಕ್ಕ ಹೋದ್ನಲ್ಲ ಅತ್ತಿ.”

ಅತ್ತೆ ಶೇಂಗಾ ಬಿಟ್ಟು ನನ್ನನ್ನೇ ನೋಡಿದಳು. “ಯಾವ ಮೂಳ ಹೇಳಿದ್ನೋ ನಿನಗ? ಬಾಯಾಗ ಒಂದು ಹಲ್ಲಿಲ್ಲ, ಕಣ್ಣು ಕಾಣಲ್ಲ. ಕೋಲಿನ ತುದಿ ಹಿಡ್ಕಂಡು ದಿನಾ ಗುಡಿಗೆ ಕರ್ಕಂಡು ಹೋಗಾಕಿ ನಾನು. ಇಪ್ಪತ್ನಾಲ್ಕಂತ!”

ಗದ್ದುಗೆಯ ಕಲ್ಲಿನ ಮೇಲೆ ಬರೆದಿದೆ ಎಂದು ನಾನು ವಾದಿಸಿದೆ. ವಾದ ಸೋಲುವ ಲಕ್ಷಣ ಕಂಡಾಗ ಮಾತು ಮರೆಸಲು, ಅವಳ ಚೀಟಿಯನ್ನಾದರೂ ತುಂಬೋಣವೆಂದು ಹುಟ್ಟಿದ ಸಂವತ್ಸರ ಕೇಳಿದೆ. ದುರ್ಮತಿ ಎಂದಳು. ನನ್ನ ಬೆರಳು ರೂಢಿಯಂತೆ ದುರ್ಮತಿಯಿಂದ ಹೊರಟು, ಅಕ್ಷಯವನ್ನು ದಾಟಿ, ಮತ್ತೆ ಪ್ರಭವಕ್ಕೆ ಹಾಯ್ದು, ಆಗ ನಡೆಯುತ್ತಿದ್ದ ವಿಷು ಸಂವತ್ಸರಕ್ಕೆ ಬಂದು ನಿಂತಿತು.

“ಎಷ್ಟು ಬಂತೋ?”

“ಇಪ್ಪತ್ತು,” ಎಂದೆ.

ಎದುರಿಗೆ ಎಂಬತ್ತರ ಮುದುಕಿ ಬೊಚ್ಚುಬಾಯಿ ತೆರೆದು, ಮಡಿಲಿನ ಶೇಂಗಾ ನೆಲಕ್ಕೆ ಚೆಲ್ಲುವಂತೆ ನಕ್ಕಳು. “ಹಂಗಾರ ನನಗೊಂದು ಗಂಡು ನೋಡ್ರಪ್ಪ!”

ನನಗೆ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅರವತ್ತು ಹೆಸರುಗಳು ಮುಗಿದ ಮೇಲೆ ಮೊದಲನೆಯದೇ ಮರಳಿ ಬರುತ್ತದೆ. ಆ ಚಕ್ರದ ಮೇಲೆ ಬೆರಳಿಟ್ಟು ಎಣಿಸುವವನಿಗೆ ಅರವತ್ತೆಂಬ ಸಂಖ್ಯೆ ಎಂದೆಂದಿಗೂ ಸಿಗುವುದಿಲ್ಲ. ಎಪ್ಪತ್ತು ಬಾಳಿದವನು ನನ್ನ ಲೆಕ್ಕದಲ್ಲಿ ಹತ್ತರ ಹುಡುಗ. ಸಾವಿರಾರು ಮಕ್ಕಳಿಗೆ ಭಾಗಾಕಾರ ಕಲಿಸಿದ ನಾನು, ಹಿರೀಕರ ಆಯುಷ್ಯವನ್ನೆಲ್ಲ ಅರವತ್ತರಿಂದ ಭಾಗಿಸಿ, ಶೇಷವನ್ನು ಜೋಪಾನವಾಗಿ ಚೀಟಿಯಲ್ಲಿ ಬರೆದು, ಭಾಗಲಬ್ಧವನ್ನು ಬೀದಿಗೆಸೆದಿದ್ದೆ. ನಾನು ಭಾಗ ಕೇಳುತ್ತೇನೆಂದು ಹೆದರಿ ಕಲ್ಲು ನೆಡಿಸಿದ ಶಿವಣ್ಣನಿಗೆ, ಭಾಗದಿಂದ ಲಬ್ಧವಾದದ್ದನ್ನೂ ಉಳಿಸಿಕೊಳ್ಳಲಾರದ ಗಿರಾಕಿ ಇವನು ಎಂದು ಯಾರಾದರೂ ಹೇಳಬೇಕಿತ್ತು. ಮುತ್ತಜ್ಜನ ಇಪ್ಪತ್ನಾಲ್ಕು ಎಂಬತ್ನಾಲ್ಕಾಯಿತು, ಅವನ ತಮ್ಮನ ಹತ್ತೊಂಬತ್ತು ಎಪ್ಪತ್ತೊಂಬತ್ತಾಯಿತು.

ಅತ್ತೆ ಉಳಿದ ಚೀಟಿಗಳನ್ನು ಒಂದೊಂದಾಗಿ ಓದಿಸಿ ಕೇಳಿದಳು. ಆಮೇಲೆ ದನಿ ತಗ್ಗಿಸಿ, “ನಮ್ಮಪ್ಪಂದು, ನಿಮ್ಮಪ್ಪಂದು ಮಾತ್ರ ಖರೆ ಐತಿ,” ಎಂದಳು. ಅದು ನನಗೆ ಗೊತ್ತಿತ್ತು. ಲೆಕ್ಕ ತಪ್ಪಿದರೂ ಭಯ ಪೂರ್ತಿ ಇಳಿಯದಿದ್ದುದಕ್ಕೆ ಕಾರಣವೂ ಅದೇ. ಐವತ್ತೆಂಟನ್ನು ದಾಟಿದ ಮೇಲೆ ನಾನು ಬದುಕುತ್ತಿದ್ದ ಒಂದೊಂದು ದಿನವೂ ನನ್ನಪ್ಪ ಕಾಣದ ದಿನ. ಅಲ್ಲಿಯವರೆಗೆ ಹೇಗೆ ನಡೆಯಬೇಕು, ಹೇಗೆ ಸಿಟ್ಟಾಗಬೇಕು, ಹೇಗೆ ಸುಮ್ಮನಿರಬೇಕು ಎಂಬುದಕ್ಕೆ ನನ್ನ ಮುಂದೆ ಅವನಿದ್ದ. ಇನ್ನು ಮುಂದೆ ಯಾರ ಬೆನ್ನು ನೋಡಿ ನಡೆಯಲಿ? ಇಷ್ಟು ವರ್ಷ ಕಾಗದ ಗುಡ್ಡೆಹಾಕಿದ್ದು ವಂಶದ ಕೀರ್ತಿಗೆ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಮುದುಕನಾದ ಒಬ್ಬನನ್ನು ಹುಡುಕುತ್ತಿದ್ದೆ ಎಂದು ಆ ಪಡಸಾಲೆಯಲ್ಲಿ ಹೊಳೆಯಿತು. ಕಣ್ಣು ತುಂಬಿ ಬಂತು; ಶೇಂಗಾ ಸಿಪ್ಪೆಯ ದೂಳು ಎಂದು ಒರೆಸಿಕೊಂಡೆ.

“ಮುದುಕ ಆದ ಮ್ಯಾಲೆ ಕೊಟ್ರಪ್ಪಜ್ಜ ಹೆಂಗಿದ್ದ ಅತ್ತಿ?” ಎಂದು ಕೇಳಿದೆ. ಧೀರ, ಗಂಭೀರ ಎಂಬಂಥ ಒಂದು ಶಬ್ದದ ಆಸೆ ನನಗಿತ್ತು.

“ಅಂಜುಬುರುಕ,” ಎಂದಳು ಅತ್ತೆ. “ಅರವತ್ತು ತುಂಬಿದಾಗಿಂದ ಶುರು ಮಾಡಿದ್ನಂತ, ಈ ಯುಗಾದಿ ನಂದು ಕಡೀದು ಅಂತ. ವರ್ಷಾ ಬೇವು-ಬೆಲ್ಲ ಕೊಡುವಾಗ ಎಲ್ಲಾರ ಕೈ ಹಿಡ್ಕಂಡು ಅಳಾಂವ, ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಯಳ್ರಿ ಅಂತ. ಎಷ್ಟು ಯುಗಾದಿ ಅತ್ತಾನೋ ಏನೋ! ನಾವು ಹುಡುಗ್ರು ಅದನ್ನ ನೋಡಾಕಂತ ಬೇಗ ಜಳಕ ಮಾಡ್ತಿದ್ವಿ. ಹೋಗೋ ದಿನ ಮಾತ್ರ ಅಂಜೋದು ಮರತು, ಉಂಡು ಮಲಗ್ಯಾನ, ಮತ್ತ ಎದ್ದಿಲ್ಲ.”

ಮನೆಗೆ ಬಂದವನೇ ಟ್ರಂಕು ಖಾಲಿ ಮಾಡಿದೆ. ಚೀಟಿಗೆ ಇಳಿದ ಕಾಗದಗಳೆಲ್ಲ ರದ್ದಿಗೆ ಹೋದವು. ಎಣ್ಣೆ ಕುಡಿದ ಆ ಮಂಡಕ್ಕಿ ಕಾಗದವನ್ನು ಮಾತ್ರ, ಮುತ್ತಜ್ಜಿಯನ್ನು ಎರಡನೆಯ ಸಲ ಅಂಗಡಿಗೆ ಕಳಿಸಲು ಮನಸ್ಸಾಗದೆ, ಉಳಿಸಿಕೊಂಡೆ. ಕೊಟ್ರಪ್ಪಜ್ಜನ ಚೀಟಿಯಲ್ಲಿ ಇಪ್ಪತ್ನಾಲ್ಕನ್ನು ಹೊಡೆದು ಎಂಬತ್ನಾಲ್ಕು ಎಂದು ತಿದ್ದಿ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಅಂಜುಬುರುಕ’ ಎಂದು ಬರೆದೆ. ಆಮೇಲೆ ನನ್ನ ಚೀಟಿಯನ್ನು ತೆಗೆದೆ. ಹುಟ್ಟು ಚಿತ್ರಭಾನು, ಮುಂದೆ ಖಾಲಿ. ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡುವ ಧೈರ್ಯ ಈಗಲೂ ಬಂದಿರಲಿಲ್ಲ. ಅದನ್ನು ಮುತ್ತಜ್ಜನ ಚೀಟಿಯ ಹಿಂದೆ ಇಟ್ಟು ಎರಡಕ್ಕೂ ಸೇರಿಸಿ ಹೊಸದೊಂದು ಗುಂಡುಸೂಜಿ ಚುಚ್ಚಿದೆ. ಅದು ಚೀಟಿಗಳನ್ನು ದಾಟಿ ಹೆಬ್ಬೆರಳಿಗೂ ಹೋಯಿತು.

“ಮತ್ತ ಡಾಕ್ಟ್ರ ಕಡಿ ಓಡಬ್ಯಾಡ್ರಿ,” ಎಂದು ಸುಣ್ಣ ಹತ್ತಿದ ಸೆರಗಿನಲ್ಲಿ ನಗು ಮುಚ್ಚಿಕೊಂಡು ನೀಲಮ್ಮ ಹೇಳಿದಳು. “ಮೊನ್ನೆನ ಇಂಜೆಕ್ಷನ್ ಹಾಕಿಸ್ಕಂಡು ಬಂದೀರಿ.”

ಅವಳು ಹೇಳಿದ್ದು ಸರಿಯಾಗಿತ್ತು. ಆದರೂ ಎದ್ದೆ, ಈ ಸಲ ಮರೆಯದೆ ಅಂಗಿ ತೊಟ್ಟು, ಗುಂಡಿಗಳನ್ನೆಲ್ಲ ಸಾವಕಾಶವಾಗಿ ಹಾಕಿಕೊಂಡು, ಡಾಕ್ಟರ ಕಡೆಗೆ ಹೊರಟೆ. ಎಂಬತ್ನಾಲ್ಕರವರೆಗೆ ಅಂಜಬೇಕಾದ ಮನೆತನದವನು ಐವತ್ತೊಂಬತ್ತಕ್ಕೇ ಹೇಗೆ ನಿಲ್ಲಿಸಲಿ?