‘ಲಾ’ ಎನ್ನುವ ಸಲಿಗೆ

ಯೇಸುಸ್ವಾಮಿಯನ್ನು ‘ಲಾ’ ಹಚ್ಚಿ ಕರೆಯುವ ಒಬ್ಬರನ್ನೇ ನಾನು ಕಂಡಿದ್ದು. ಗುಂಡ್ಲುಪೇಟೆಯ ಆಟೋ ಚೌರಪ್ಪಣ್ಣ. ಪಕ್ಕದ ಕಾಡಂಚಿನ ಮದ್ದೂರಿನ ಶಾಲೆಗೆ ಟೀಚರಾಗಿ ಸೇರಿದ ದಿನದಿಂದ ನನಗೆ ಅವರ ಆಟೋವೇ ಗತಿ. ಅದು ಹಟ ಹಿಡಿದ ಬೆಳಗುಗಳಲ್ಲಿ, “ಒಸಿ ಕೈ ಕೊಡ್ಲಾ ಯೇಸು, ಅಮ್ಮಿಗೆ ಸ್ಕೂಲ್ಗೆ ಲೇಟಾಯ್ತದೆ” ಎನ್ನುತ್ತ ಹ್ಯಾಂಡಲ್ ಎಳೆಯುತ್ತಿದ್ದರು. ಹತ್ತಿದ ಗಂಡಸರೆಲ್ಲ ಅವರಿಗೆ ‘ಸಾರ್’, ನಾನು ‘ಅಮ್ಮಿ’. ಗಂಡಸರನ್ನು ಸಲಿಗೆಯಿಂದ ಕರೆಯುವ ‘ಲಾ’ ಮಾತ್ರ ಆ ಒಬ್ಬ ಗೆಳೆಯನಿಗೆ ಮೀಸಲು.

ಚರ್ಚಿಗೆ ಹೊಸದಾಗಿ ಬಂದ ಫಾದರ್ ಇದನ್ನು ಕೇಳಿ ಬೆಚ್ಚಿದರು. ದೇವರಿಗೆ ‘ತಾವು’ ಎನ್ನಬೇಕು ಎಂದು ಮೆಲ್ಲಗೆ ಬುದ್ಧಿ ಹೇಳಿದರು. ಚೌರಪ್ಪಣ್ಣ ತಲೆಯಾಡಿಸಿ ಬಂದವರು ಮಂಕಾಗಿಬಿಟ್ಟರು. ಆಟೋ ಹಟ ಹಿಡಿದರೂ ಯೇಸುವನ್ನು ಕರೆಯದೆ ಬರೀ ಹ್ಯಾಂಡಲ್ ಎಳೆದರು. ಏನಾಯಿತೆಂದು ಕೇಳಿದೆ.

“ತಾವು ಅಂದೇಟ್ಗೆ ಬಾಯಿ ಕಟ್ಟೋಯ್ತದೆ ಕಣಮ್ಮಿ. ತಾಸೀಲ್ದಾರ್ ಮುಂದೆ ಅರ್ಜಿ ಇಡ್ಕಂಡು ನಿಂತಂಗಾಯ್ತದೆ. ಮೂವತ್ತೊರ್ಸದ ಸ್ನೇಹ, ಕೆಟ್ಟೋಯ್ತು.”

ನನಗೆ ನಗು ಬಂತು. ಕನ್ನಡಿಯಲ್ಲಿ ಅವರ ಕಣ್ಣು ನೋಡಿ ಪಾಪ ಎನಿಸಿತು.

ಮರುವಾರ ಕಾಡಿನ ತಿರುವಿನಲ್ಲಿ ಆನೆಯೊಂದು ರಸ್ತೆಗೆ ಅಡ್ಡ ನಿಂತಿತ್ತು. ಗಾಬರಿಯಲ್ಲಿ ಬ್ರೇಕ್ ಒತ್ತಿದ್ದೇ ಆಟೋ ಆಫ್ ಆಯಿತು. ಚೌರಪ್ಪಣ್ಣ ಕೈ ಜೋಡಿಸಿದರು. “ಪರಮಪೂಜ್ಯರಾದ ಯೇಸುಸ್ವಾಮಿಯವರೇ, ತಾವು ದಯಮಾಡಿ ತಮ್ಮ ಈ ದಾಸನ...”

ಆನೆ ನಮ್ಮ ಕಡೆ ಎರಡು ಹೆಜ್ಜೆ ಇಟ್ಟಿತು.

“ಬಿರ‍್ರನೆ ಬಾರ್ಲಾ ಯೇಸು, ಸತ್ತೋಯ್ತೀವಿ ಕಣ್ಲಾ!”

ಆ ಕೂಗಿಗೆ ಆನೆಯೇ ಹೆದರಿತೋ ಏನೋ, ಕಿವಿ ಬೀಸಿ ಪೊದೆಯೊಳಕ್ಕೆ ಇಳಿಯಿತು. ನಾನಿನ್ನೂ ಆಟೋದ ಕಂಬಿ ಬಿಟ್ಟಿರಲಿಲ್ಲ. ಅವರು ಮಾತ್ರ ಕೇಕೆ ಹಾಕಿ ನಗುತ್ತಿದ್ದರು. “ನೋಡ್ದಾ ಅಮ್ಮಿ? ಅವ ಮುನಿಸ್ಕಂಡಿರ್ನೇ ಇಲ್ಲ!”

ಕಥೆ ಕೇಳಿದ ಫಾದರ್ ಹೊಟ್ಟೆ ಹಿಡಿದು ನಕ್ಕರು. “ನಿಮ್ಮಿಬ್ಬರ ಮಧ್ಯೆ ನಾನು ಬರಬಾರದಿತ್ತು ಚೌರಪ್ಪ” ಎಂದರಂತೆ. ಮರುದಿನದಿಂದ ಆಟೋದಲ್ಲಿ ಮತ್ತೆ ಅದೇ ಹರಟೆ. ನಾನು ಆ ದೇವರನ್ನು ಪೂಜಿಸುವವಳಲ್ಲ. ಆದರೆ ಅಂಥ ಸ್ನೇಹ ಕಂಡು ಹೊಟ್ಟೆಕಿಚ್ಚು ಪಟ್ಟಿದ್ದು ನಿಜ.

ಕಳೆದ ವರ್ಷ ಅವರನ್ನು ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದ್ದರು. ನೋಡಲು ಹೋದಾಗ ಅವರಿಗೆ ಮಾತು ನಿಂತು ಎರಡು ದಿನವಾಗಿತ್ತು. ಸಂಜೆ ಹೊತ್ತಿಗೆ ಕಣ್ಣು ಬಿಟ್ಟರು. ಬಾಗಿಲ ಕಡೆ ನೋಡಿ ನಕ್ಕರು.

“ಬಂದ್ಯಾ? ಓಗನ, ನಡೀಲಾ.”

ಅದೇ ಅವರ ಕಡೆಯ ಮಾತು. ಆ ಕೋಣೆಯಲ್ಲಿ ಇದ್ದವರು ಅವರ ಮಗಳು, ನರ್ಸು ಮತ್ತು ನಾನು, ಮೂವರೂ ಹೆಂಗಸರು.